ಹೊಸ್ತಿಲಿಲ್ಲದ ಮನೆ: ಕಣಕುಂಬಿ ಕಾಡಿನ ಒಂದು ವಿಲ್ಲಾದ ಪ್ರಕರಣ ಅಧ್ಯಯನ

2023ರ ಜುಲೈ ಕೊನೆಯ ವಾರದಲ್ಲಿ, ಮಳೆ ಹನ್ನೊಂದು ದಿನಗಳಿಂದ ಬಿಡದೆ ಹಿಡಿದಿದ್ದಾಗ, ಖಾನಾಪುರ ತಾಲ್ಲೂಕಿನ ಕಾಡಿನೊಳಗಿನ ತಮ್ಮ ರಜಾ ವಿಲ್ಲಾವನ್ನು ಒಮ್ಮೆ ನೋಡಿಕೊಂಡು ಬರುವಂತೆ ಅದರ ಮಾಲಕರು ನನ್ನನ್ನು ಕೇಳಿಕೊಂಡರು. ಜಾಂಬೋಟಿಯಿಂದ ಕಣಕುಂಬಿಗೆ ಹೋಗುವ ರಸ್ತೆಯನ್ನು ಬಿಟ್ಟು, ಕೆಮ್ಮಣ್ಣಿನ ದಾರಿಯಲ್ಲಿ ಎರಡು ಕಿಲೋಮೀಟರ್ ಒಳಗೆ ಹೋದರೆ ಆ ಮನೆ ಸಿಗುತ್ತದೆ. ಮಾಲಕರು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವವರು, ಮೂಲತಃ ವಿಜಯಪುರ ಜಿಲ್ಲೆಯವರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: “ಫೋಟೋದಾಗ ಹೆಂಗ ಐತಿ ಹಂಗ ಕಟ್ಟೀವ್ರಿ ಸರ್. ಆದ್ರ ಫೋಟೋದಾಗ ಮಳಿ ಒಳಗ ಬಂದಿದ್ದಿಲ್ಲ.”

ನಾನು ಬೆಳಗಾವಿಯಲ್ಲಿ ಕೆಲಸ ಮಾಡುವ ಕಟ್ಟಡ ಎಂಜಿನಿಯರ್. ಈ ಮನೆಯ ವಿನ್ಯಾಸ ನನ್ನದಲ್ಲ, ದುರಸ್ತಿ ನನ್ನದು. ವಿನ್ಯಾಸ ಮಾಡಿದವರು ಬೇರೆ ಊರಿನ ಒಂದು ಸಂಸ್ಥೆ. ಅವರು ಅರಿಯದವರಲ್ಲ, ನಕ್ಷೆಗಳು ಅಚ್ಚುಕಟ್ಟಾಗಿದ್ದವು, ಕಾಂಕ್ರೀಟಿನ ಗುಣಮಟ್ಟದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೂ ಮನೆ ಮೊದಲ ಮಳೆಗಾಲದಲ್ಲಿಯೇ ಸೋತಿತ್ತು. ಒಳ್ಳೆಯ ಕೆಲಸವಾಗಿಯೂ ಮನೆ ಸೋತದ್ದು ಏಕೆಂಬುದೇ ಈ ಪ್ರಕರಣದಲ್ಲಿ ಅಧ್ಯಯನಕ್ಕೆ ತಕ್ಕ ಸಂಗತಿ.

ಜಾಗ ಮತ್ತು ಮನೆ

ಬೆಳಗಾವಿ ಜಿಲ್ಲೆಯ ಪೂರ್ವದ ತುದಿಯ ಅಥಣಿಯ ಕಡೆ ವರ್ಷಕ್ಕೆ 500ರಿಂದ 600 ಮಿ.ಮೀ. ಮಳೆ ಬಿದ್ದರೆ ರೈತರು ಸಮಾಧಾನಪಡುತ್ತಾರೆ. ಅದೇ ಜಿಲ್ಲೆಯ ಪಶ್ಚಿಮದ ತುದಿಯಲ್ಲಿರುವ ಆಮಗಾಂವ, ಕಣಕುಂಬಿಗಳು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿ ಬರುತ್ತವೆ. ಕಣಕುಂಬಿ ಮಲಪ್ರಭೆ ಹುಟ್ಟುವ ಊರು. ಮಹಾದಾಯಿ ಹುಟ್ಟುವುದೂ ಇದೇ ತಾಲ್ಲೂಕಿನಲ್ಲಿ. ಒಂದು ನದಿ ಪೂರ್ವಕ್ಕೆ ಹರಿದು ಸವದತ್ತಿಯ ನವಿಲುತೀರ್ಥ ಜಲಾಶಯ ಸೇರಿದರೆ, ಇನ್ನೊಂದು ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿಯಾಗುತ್ತದೆ. ನಡುವಿನ ಕಾಡು ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣದ ಉಷ್ಣವಲಯದ ಕಾಡು. 2011ರಲ್ಲಿ ಘೋಷಣೆಯಾದ, ಸುಮಾರು 190 ಚದರ ಕಿಲೋಮೀಟರ್ ವಿಸ್ತಾರದ ಭೀಮಗಡ ವನ್ಯಧಾಮವೂ ಈ ತಾಲ್ಲೂಕಿನಲ್ಲಿಯೇ ಇದೆ.

ಮಾಲಕರು ಕೊಂಡದ್ದು ಕಾಡಿಗೆ ಹೊಂದಿಕೊಂಡ ನಾಲ್ಕು ಎಕರೆ ಮಾಲ್ಕಿ ಜಮೀನು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳುವುದು ಸುಲಭವಾಯಿತು; ಇವರ ಖರೀದಿಯೂ ಆಗಲೇ ನಡೆಯಿತು. ಬಾಡಿಗೆಗೆ ಕೊಡುವ ಮನೆಯಾದ್ದರಿಂದ ತೋಟದ ಮನೆಯೆಂಬ ಹೆಸರಿನಲ್ಲಿ ಕಟ್ಟದೆ, ಎನ್‌ಎ, ಅಂದರೆ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತನೆ, ಮಾಡಿಸಿಯೇ ಕಟ್ಟಿದರು. ಅಡ್ಡ ಬಂದ ಮರಗಳಿಗೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯನ್ನೂ ಪಡೆದರು. ಕಾಗದದ ವಿಷಯದಲ್ಲಿ ಈ ಪ್ರಕರಣದಲ್ಲಿ ಹೇಳುವಂಥದ್ದು ಬೇರೇನೂ ಇಲ್ಲ.

ಮನೆ ಒಂದೇ ಅಂತಸ್ತಿನದು. ಮೂರು ಮಲಗುವ ಕೋಣೆ, ಒಂದು ಉದ್ದನೆಯ ಹಾಲ್, ಅಡುಗೆಮನೆ, ಕಣಿವೆಯ ಅಂಚಿಗೆ ಕಪ್ಪು ಕಲ್ಲಿನ ಈಜುಕೊಳ. ಗೋಡೆಗಳು ಸ್ಥಳೀಯ ಜಂಬಿಟ್ಟಿಗೆಯವು, ಹೊರಗಡೆ ಗಿಲಾವು ಇಲ್ಲ. ಚಾವಣಿ 320 ಚದರ ಮೀಟರಿನ ಸಪಾಟು ಸ್ಲ್ಯಾಬು. ಅದರ ಅಂಚು ಗೋಡೆಯ ಮೈಗೆ ಸರಿಯಾಗಿ ನಿಂತುಬಿಡುತ್ತದೆ, ಒಂದು ಬೆರಳಿನಷ್ಟೂ ಹೊರಚಾಚಿಲ್ಲ. ಕಣಿವೆಗೆ ಮುಖ ಮಾಡಿದ ಪಶ್ಚಿಮ ದಿಕ್ಕಿನಲ್ಲಿ ನೆಲದಿಂದ ಚಾವಣಿಯವರೆಗೆ 3 ಮೀಟರ್ ಎತ್ತರದ ಸರಿಯುವ ಗಾಜಿನ ಬಾಗಿಲುಗಳು. ಬಾಗಿಲು ಸರಿಯುವ ಹಳಿಯನ್ನೂ ನೆಲದೊಳಗೆ ಹೂತಿದ್ದರಿಂದ ಮೈಕ್ರೋಸಿಮೆಂಟ್ ಎಂಬ ತೆಳು ಸಿಮೆಂಟು ಲೇಪದ ಒಳಗಿನ ಬೂದು ನೆಲ ಯಾವ ಅಡ್ಡಿಯೂ ಇಲ್ಲದೆ ಹೊರಗಿನ ಕಟ್ಟೆಗೆ ಹರಿದಂತೆ ಕಾಣುತ್ತಿತ್ತು. ಕಪಾಟುಗಳಿಗೆ ಹಿಡಿಕೆ ಇಲ್ಲ, ಗೋಡೆಯ ಬುಡಕ್ಕೆ ಪಟ್ಟಿ ಇಲ್ಲ, ಮಳೆನೀರಿನ ಕೊಳವೆ ಕಣ್ಣಿಗೆ ಬೀಳುವುದಿಲ್ಲ. ಕಡಿಮೆಯಲ್ಲಿ ಮುಗಿಸುವ ಈ ಬಗೆಯ ವಿನ್ಯಾಸಕ್ಕೆ ಈಗ ಎಲ್ಲರೂ ಮಿನಿಮಲ್ ಎನ್ನುತ್ತಾರೆ. ಬೇಸಿಗೆಯ ಸಂಜೆ ಆ ಹಾಲಿನಲ್ಲಿ ನಿಂತರೆ ಕಾಡಿನ ನಡುವೆ ನಿಂತಂತೆಯೇ ಅನ್ನಿಸುತ್ತದೆ. ಅದನ್ನು ನಾನು ಅಲ್ಲಗಳೆಯಲಾರೆ.

ಮಾಲಕರ ತಾಯಿಗೆ ಮಾತ್ರ ಗೃಹಪ್ರವೇಶದ ದಿನವೇ ಈ ಮನೆ ಒಗ್ಗಿರಲಿಲ್ಲ. ಅರಿಷಿಣ ಕುಂಕುಮ ಹಚ್ಚಲು ಹೊಸ್ತಿಲು ಹುಡುಕಿದ ಅವರಿಗೆ ಎಲ್ಲಿಯೂ ಹೊಸ್ತಿಲು ಸಿಗಲಿಲ್ಲ. “ಹೊಸ್ತಿಲ ಇಲ್ಲದ ಮನಿ ಎಂಥಾದೋ ಯಪ್ಪಾ” ಎಂದು ಅವರು ಅಂದದ್ದನ್ನು ಮನೆಯವರು ನಗುತ್ತ ನನಗೆ ಹೇಳಿದರು. ಎಂಜಿನಿಯರನಾಗಿ ಆ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಬಾಜೂದಿಂದ ಬರುವ ಮಳೆ

ನಾನು ಹೋದ ದಿನ ಹಾಲಿನ ಪಶ್ಚಿಮದ ಅಂಚಿನುದ್ದಕ್ಕೂ ಸುರುಳಿ ಸುತ್ತಿದ ಬೆಡ್‌ಶೀಟುಗಳು, ಅವುಗಳ ಹಿಂದೆ ಗೋಣಿಚೀಲಗಳು. ಹೂತ ಹಳಿಯೊಳಗೆ ನೀರು ತುಂಬಿ, ಗಾಳಿ ಒಮ್ಮೆ ತಳ್ಳಿದಾಗಲೆಲ್ಲ ಹಳಿಯ ತುಟಿ ದಾಟಿ ತೆಳ್ಳನೆಯ ಹಾಳೆಯಂತೆ ಒಳಕ್ಕೆ ಹರಿಯುತ್ತಿತ್ತು. ಹಳಿಯಿಂದ ನೀರು ಹೊರಹೋಗಲು ಬಿಟ್ಟಿದ್ದ ತೂತುಗಳು ಪೆನ್ಸಿಲಿನಷ್ಟು ದಪ್ಪ. ಅವುಗಳಲ್ಲಿ ಕೊಳೆತ ಎಲೆಯ ಚೂರು ಮತ್ತು ಕೆಮ್ಮಣ್ಣು ಸೇರಿ ಗಟ್ಟಿಯಾಗಿತ್ತು. ಅಡುಗೆಯವ ಬೆಳಗ್ಗೆಯಿಂದ ಮೂರನೆಯ ಸಲ ಬೆಡ್‌ಶೀಟು ಹಿಂಡುತ್ತಿದ್ದ.

ಮನೆಯ ಕಾವಲುಗಾರ ಪಕ್ಕದ ಸಣ್ಣ ಊರಿನವನು, ವಯಸ್ಸಾದವನು. ಮರಾಠಿ ಬೆರೆತ ಕನ್ನಡದಲ್ಲಿ ಆತ ಹೇಳಿದ ಒಂದು ವಾಕ್ಯ ನನ್ನ ಇಡೀ ವರದಿಗಿಂತ ಸ್ಪಷ್ಟವಾಗಿತ್ತು: “ಸಾಹೇಬ್ರ, ಇಲ್ಲಿ ಮಳಿ ಮ್ಯಾಲಿಂದ ಬರಂಗಿಲ್ರೀ, ಬಾಜೂದಿಂದ ಬರ್ತೈತಿ.”

ಮಾಲಕರು ವಿನ್ಯಾಸಕಾರರಿಗೆ ಕೊಟ್ಟಿದ್ದ ಚಿತ್ರಗಳಲ್ಲಿ ಹೆಚ್ಚಿನವು ಬಾಲಿ ದ್ವೀಪದ ವಿಲ್ಲಾಗಳದ್ದು, ಕೆಲವು ಬ್ರೆಜಿಲಿನ ಕರಾವಳಿ ಕಾಡಿನವು. ಅಲ್ಲಿಯೂ ಉಷ್ಣವಲಯದ ಕಾಡು, ಅಲ್ಲಿಯೂ ಧಾರಾಳ ಮಳೆ. ಹಾಗಾಗಿ ಅಲ್ಲಿ ನಡೆದದ್ದು ಇಲ್ಲಿಯೂ ನಡೆಯುತ್ತದೆ ಎಂದು ಭಾವಿಸಿದರು. ಆದರೆ ಸಮಭಾಜಕ ವೃತ್ತಕ್ಕೆ ಹತ್ತಿರದ ಬಾಲಿಯಲ್ಲಿ ಮಳೆ ಬಹುಮಟ್ಟಿಗೆ ಮಧ್ಯಾಹ್ನದ ಗುಡುಗುಮಳೆಯಾಗಿ ಬಂದು ಹೋಗುತ್ತದೆ. ಹೊಯ್ದು ನಿಂತ ಮೇಲೆ ಬಿಸಿಲು ಬಂದು ಗೋಡೆ ಒಣಗುತ್ತದೆ. ಸಹ್ಯಾದ್ರಿಯ ಮಳೆಗಾಲ ಹಾಗಲ್ಲ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತ ಘಟ್ಟದ ಗೋಡೆಗೆ ಹಾಯ್ದು ಮೇಲಕ್ಕೇರುವಾಗ ತಣಿದು ಮಳೆಯಾಗುತ್ತದೆ. ಘಟ್ಟದ ನೆತ್ತಿಯಲ್ಲಿರುವ ಈ ಮನೆಗೆ ಮಳೆ ಮತ್ತು ಗಾಳಿ ಬೇರೆ ಬೇರೆ ಸಂಗತಿಗಳಲ್ಲ, ಎರಡೂ ಕೂಡಿಯೇ ಬರುತ್ತವೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬಿದ್ದುಬಿಡುತ್ತದೆ. ಆ ನಡುವೆ ಗೋಡೆ ಒಣಗಲು ಒಂದು ಇಡೀ ದಿನದ ಬಿಸಿಲು ಸಿಗುವುದೂ ಅಪರೂಪ. ಫೋಟೋ ತೆಗೆಯುವವರು ಬರುವುದು ಹೇಗೂ ಮಳೆ ನಿಂತ ಮೇಲೆ.

ಇದರ ಲೆಕ್ಕ ಶಾಲೆಯ ರೇಖಾಗಣಿತದಷ್ಟೇ ಸರಳ. ಗಾಳಿ ಮಳೆಯನ್ನು 45 ಡಿಗ್ರಿ ಓರೆಯಾಗಿ ತಂದರೆ, 3 ಮೀಟರ್ ಎತ್ತರದ ಗಾಜನ್ನು ಪೂರ್ತಿ ಒಣದಾಗಿ ಇಡಲು ಅದೇ ಎತ್ತರದಲ್ಲಿ 3 ಮೀಟರ್ ಹೊರಚಾಚಿದ ಸೂರು ಬೇಕು. ಈ ಮನೆಯ ಸೂರು ಸೊನ್ನೆ. ಎಂದಮೇಲೆ ಪಶ್ಚಿಮದ ಗಾಜಿಗೆ ಚಾವಣಿಯೇ ಇಲ್ಲ ಎಂದು ಲೆಕ್ಕ ಹಿಡಿಯಬೇಕು. ಕಾವಲುಗಾರನ ಮನೆಯಲ್ಲಿ ಹಂಚಿನ ಇಳಿಜಾರು ಮನುಷ್ಯ ಬಗ್ಗಿ ಒಳಹೋಗುವಷ್ಟು ಕೆಳಕ್ಕೆ ಬರುತ್ತದೆ. ಅದೂ ಸಾಲದೆಂದು ಜೂನ್ ಮೊದಲ ವಾರದಲ್ಲಿ ಪಡುವಣ ದಿಕ್ಕಿಗೆ ಹುಲ್ಲಿನ ತಟ್ಟಿ ಕಟ್ಟುತ್ತಾರೆ, ದೀಪಾವಳಿಯ ಹೊತ್ತಿಗೆ ಬಿಚ್ಚುತ್ತಾರೆ. ಎರಡು ಮನೆಗಳ ನಡುವೆ ಇರುವುದು ಮುನ್ನೂರು ಹೆಜ್ಜೆ. ವಿನ್ಯಾಸದ ಹಂತದಲ್ಲಿ ಆ ಮುನ್ನೂರು ಹೆಜ್ಜೆಯನ್ನು ಯಾರೂ ನಡೆದಿರಲಿಲ್ಲ.

ಮಾಳಿಗೆ ಎಲ್ಲಿಯದು

ಸಪಾಟು ಚಾವಣಿಯೇ ತಪ್ಪು, ಅದು ಪರದೇಶದ್ದು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಾಲಕರು ಹುಟ್ಟಿದ ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ, ಬಾಗಲಕೋಟೆಯಲ್ಲಿ, ಅಥಣಿಯಲ್ಲಿ ನಮ್ಮ ಹಳೆಯ ಮನೆಗಳೆಲ್ಲ ಮಾಳಿಗೆ ಮನೆಗಳೇ. ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿ ಗಟ್ಟಿ ಮಾಡಿದ ಸಪಾಟು ಚಾವಣಿ, ದಪ್ಪ ಗೋಡೆ, ಸಣ್ಣ ಬೆಳಕಿಂಡಿ, ಪಡಸಾಲೆಯಲ್ಲಿ ಒಂದು ಜಮಖಾನೆ, ಗೋಡೆಯ ಗೂಡಿನಲ್ಲಿ ದೀಪ. ಸಾಮಾನು ಕಡಿಮೆ ಇರುವುದನ್ನೇ ಮಿನಿಮಲ್ ಎನ್ನುವುದಾದರೆ ಅದಕ್ಕಿಂತ ಮಿನಿಮಲ್ ಮನೆ ಇನ್ನಾವುದು? ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವಲ್ಲಿ ಮಾಳಿಗೆ ಸರಿಯಾದ ಉತ್ತರ. ಬೇಸಿಗೆಯಲ್ಲಿ ಅದರ ಮೇಲೆ ಮಲಗಲೂಬಹುದು, ಕಾಳು ಒಣಗಿಸಲೂಬಹುದು. ಅಷ್ಟು ಒಣ ಊರಿನಲ್ಲಿಯೂ, 1656ರಲ್ಲಿ ಮುಗಿದ ಗೋಲಗುಮ್ಮಟದ ಗೋಡೆಗಳ ನೆತ್ತಿಗೆ ಅಗಲವಾದ ಕಲ್ಲಿನ ಸೂರು ಇಟ್ಟಿದ್ದಾರೆಂಬುದನ್ನು ಇಲ್ಲಿ ನೆನೆಯಬಹುದು. ಅಥಣಿಯಿಂದ ಕಣಕುಂಬಿಯವರೆಗೆ ಒಮ್ಮೆ ರಸ್ತೆಯಲ್ಲಿ ಬಂದರೆ ಮಾಳಿಗೆ ಹಿಂದೆ ಸರಿದು ಹಂಚು ಬರುವುದು, ಹಂಚಿನ ಇಳಿಜಾರು ಪಶ್ಚಿಮಕ್ಕೆ ಹೋದಂತೆ ಕಡಿದಾಗುವುದು ಕಣ್ಣಿಗೆ ಕಾಣುತ್ತದೆ. ಒಂದೇ ಜಿಲ್ಲೆಯೊಳಗೆ ಇಷ್ಟು ಬದಲಾವಣೆ.

ಈ ವಿಲ್ಲಾದ ಸ್ಲ್ಯಾಬಿನ ತೊಂದರೆ ನೀರು ಹೋಗುವ ದಾರಿಯದು. ಚಾವಣಿಯ ಅಂಚಿನೊಳಗೆ ಅಡಗಿಸಿದ ಕಾಲುವೆಗೆ 100 ಮಿ.ಮೀ. ವ್ಯಾಸದ ಎರಡು ಬಾಯಿಗಳಿದ್ದವು. ಗಂಟೆಗೆ 75 ಮಿ.ಮೀ. ರಭಸದ ಮಳೆ ಹಿಡಿದರೆ, ಅಂಥ ಮಳೆ ಅಲ್ಲಿ ಅಚ್ಚರಿಯೇನಲ್ಲ, 320 ಚದರ ಮೀಟರಿನಿಂದ ಗಂಟೆಗೆ 24,000 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 6.7 ಲೀಟರ್ ನೀರು ಕೂಡುತ್ತದೆ. ಬಾಯಿಯ ಮೇಲೆ 35 ಮಿ.ಮೀ. ನೀರು ನಿಂತಾಗ ಅಂಥ ಒಂದು ಬಾಯಿ ಸೆಕೆಂಡಿಗೆ ಹೆಚ್ಚೆಂದರೆ 2.8 ಲೀಟರ್ ನುಂಗುತ್ತದೆ. ಎರಡೂ ಸ್ವಚ್ಛವಾಗಿದ್ದರೂ ಸಾಲುವುದಿಲ್ಲ. ಮನೆಯ ಮೇಲೆ ಬಾಗಿದ ಮತ್ತಿ ಮರದ ಎಲೆ ಒಂದು ಬಾಯಿಯ ಜಾಳಿಗೆಯನ್ನು ಮುಚ್ಚಿತ್ತು. ನಾನು ಏಣಿ ಹತ್ತಿ ನೋಡಿದಾಗ ಸ್ಲ್ಯಾಬಿನ ಮೇಲೆ ನೀರು ನಿಂತಿತ್ತು, ಅದರಲ್ಲಿ ಗೊದಮೊಟ್ಟೆಗಳು ಈಜುತ್ತಿದ್ದವು. ನೀರುನಿರೋಧಕ ಪದರ ಎಷ್ಟೇ ಒಳ್ಳೆಯದಿರಲಿ, ಅದನ್ನು ಕೆರೆಯ ತಳವಾಗಿ ಯಾರೂ ತಯಾರಿಸಿರುವುದಿಲ್ಲ.

ಯಂತ್ರದ ಕೋಣೆ

ಈ ಮನೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ ಜಾಗ ಹಾಲ್ ಅಲ್ಲ. ಅಡುಗೆಮನೆಯ ಹಿಂದೆ, ನೆಲಮಟ್ಟದಿಂದ ಕೆಳಗೆ, ಅತಿಥಿಗಳ ಕಣ್ಣಿಗೆ ಬೀಳದಂತೆ ಕಟ್ಟಿದ್ದ ಯಂತ್ರದ ಕೋಣೆ. 40 ಕೆವಿಎ ಜನರೇಟರ್, ಇನ್ವರ್ಟರ್ ಮತ್ತು ಬ್ಯಾಟರಿಗಳ ಸಾಲು, ಈಜುಕೊಳದ ಎರಡು ಪಂಪು, ಸೋಸುವ ಸಿಲಿಂಡರ್, ನೀರಿನ ಒತ್ತಡದ ಪಂಪು, ಕೊಳವೆಬಾವಿಯ ಪ್ಯಾನೆಲ್, ಮೊದಲ ಮಳೆಗಾಲ ಶುರುವಾದ ಮೇಲೆ ತಂದ ನಾಲ್ಕು ತೇವ ಹೀರುವ ಯಂತ್ರ, ಸ್ಲ್ಯಾಬಿನ ನೀರನ್ನು ಎತ್ತಿ ಹಾಕಲು ಬಾಡಿಗೆಗೆ ತಂದ ಇನ್ನೊಂದು ಪಂಪು. ಕಾಲಿಡಲು ಜಾಗವಿರಲಿಲ್ಲ. ಮೇಲಿನ ಮನೆ ಎಷ್ಟು ಖಾಲಿಯಾಗಿತ್ತೋ ಕೆಳಗಿನ ಕೋಣೆ ಅಷ್ಟೇ ತುಂಬಿತ್ತು. ಮನೆಯಿಂದ ತೆಗೆದುಹಾಕಿದ ಸೂರು, ಇಳಿಜಾರು, ಹೊಸ್ತಿಲು, ಗಾಳಿಕಿಂಡಿ ಇವೆಲ್ಲ ಎಲ್ಲಿಗೂ ಹೋಗಿರಲಿಲ್ಲ. ಡೀಸೆಲ್ ಕುಡಿಯುವ ರೂಪ ತಾಳಿ ಈ ಕೋಣೆಯಲ್ಲಿ ಕುಳಿತಿದ್ದವು.

ಮರ ಬಿದ್ದು ತಂತಿ ಹರಿದರೆ ಆ ಕಾಡಿನಲ್ಲಿ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಸೂರ್ಯನ ಫಲಕಗಳು ಮಳೆಗಾಲದ ಮೋಡದಡಿ ಹೆಸರಿಗಷ್ಟೇ. ಆ ದಿನಗಳಲ್ಲಿ ಜನರೇಟರ್ ಹನ್ನೆರಡು ಗಂಟೆ ಓಡಿ 60ರಿಂದ 65 ಲೀಟರ್ ಡೀಸೆಲ್ ತೆಗೆದುಕೊಳ್ಳುತ್ತಿತ್ತು. ಕಾಡಿನ ಸದ್ದು ಕೇಳಲೆಂದು ಬಂದ ಅತಿಥಿಗಳು ಕೇಳಿದ್ದು ಜನರೇಟರಿನ ಸದ್ದು.

ಏರ್ ಕಂಡೀಷನರಿನ ಕಥೆ ಇನ್ನೂ ವಿಚಿತ್ರ. ಹೊರಗೆ 25 ಡಿಗ್ರಿ ಉಷ್ಣತೆ ಮತ್ತು ಶೇ. 95 ಆರ್ದ್ರತೆ ಇದ್ದಾಗ, ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಮೇಲಾದರೂ ಗಾಳಿಯ ನೀರು ಹನಿಗಟ್ಟುತ್ತದೆ. ಒಳಗೆ 22 ಡಿಗ್ರಿಗೆ ಎಸಿ ಇಟ್ಟರೆ ಗಾಜು ಹೊರಮೈಯಲ್ಲಿ ಬೆವರುತ್ತದೆ, ಕಣಿವೆ ಮರೆಯಾಗುತ್ತದೆ. ಬಾಗಿಲು ಸ್ವಲ್ಪ ತೆಗೆದರೆ ಹೊರಗಿನ ಗಾಳಿ ಒಳಬಂದು ತಣ್ಣಗಿನ ನೆಲವೇ ಬೆವರುತ್ತದೆ. ನುಣುಪು ಮೈಕ್ರೋಸಿಮೆಂಟಿನ ಮೇಲೆ ಹಾಗೆ ಜಾರಿ ಬಿದ್ದ ಅತಿಥಿಯೊಬ್ಬರ ಮಣಿಕಟ್ಟು ಮುರಿದಿತ್ತು. ಎಸಿ ನಿಲ್ಲಿಸಿ ಎಲ್ಲ ಮುಚ್ಚಿದರೆ ಬೂಸ್ಟು. ಆರ್ದ್ರತೆ ಶೇ. 80 ದಾಟಿ ದಿನಗಟ್ಟಲೆ ನಿಂತರೆ ಬೂಸ್ಟಿಗೆ ಬೇರೆ ಆಹ್ವಾನ ಬೇಡ. ಹಿಡಿಕೆಯಿಲ್ಲದ, ಗಾಳಿಯಾಡದ ಕಪಾಟುಗಳೊಳಗಿನ ಹಾಸಿಗೆ ಹೊದಿಕೆಗಳ ಮೇಲೆ ಹಸಿರು ಬೂದು ಚುಕ್ಕೆಗಳು ಎದ್ದಿದ್ದವು.

ಬೆಳಕು ಮತ್ತು ಗಾಜು

ಮೊದಲ ಮಳೆಯ ಸಂಜೆ ಹುತ್ತಗಳಿಂದ ರೆಕ್ಕೆಹುಳ ಏಳುತ್ತವೆ. ಸುತ್ತ ಹತ್ತು ಕಿಲೋಮೀಟರ್ ಕತ್ತಲೆಯ ನಡುವೆ ಬಿಳಿ ಬೆಳಕು ತುಂಬಿದ ಗಾಜಿನ ಪೆಟ್ಟಿಗೆಯೊಂದು ನಿಂತಿದ್ದರೆ ಅವು ಇನ್ನೆಲ್ಲಿಗೆ ಹೋಗಬೇಕು? ಬೆಳಗ್ಗೆ ಅಡುಗೆಯವ ಹಾಲಿನ ಅಂಚಿನಿಂದ ಮೂರು ಮೊರ ರೆಕ್ಕೆ ಗುಡಿಸಿ ಹಾಕಿದನಂತೆ. ಹುಳಕ್ಕೆ ಕಪ್ಪೆ ಬಂದವು, ಕಪ್ಪೆಯ ಹಿಂದೆ ಹಾವು ಬಂತು. ಹೊಸ್ತಿಲಿಲ್ಲದ ಬಾಗಿಲಲ್ಲಿ ಅವಕ್ಕೆ ತಡೆಯೇನೂ ಇರಲಿಲ್ಲ. ಹಗಲಿನಲ್ಲಿ ಅದೇ ಗಾಜು ಮರಗಳ ಪ್ರತಿಬಿಂಬ ತೋರಿಸಿ ಹಕ್ಕಿಗಳನ್ನು ಮೋಸ ಮಾಡುತ್ತಿತ್ತು. ಕೆಳಮಟ್ಟದಲ್ಲಿ ವೇಗವಾಗಿ ಹಾರುವ ಪಚ್ಚೆ ಪಾರಿವಾಳ ಗಾಜಿಗೆ ಡಿಕ್ಕಿ ಹೊಡೆಯುವುದರಲ್ಲಿ ಮುಂದು. ಕಾವಲುಗಾರ ಒಂದು ಬೇಸಿಗೆಯಲ್ಲಿ ಏಳು ಪಾರಿವಾಳಗಳನ್ನು ಎತ್ತಿ ಹಾಕಿದ್ದೆ ಎಂದ.

ನೆಲದ ಕೆಳಗಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುಗುಂಡಿಗೆ ಹೋಗುತ್ತಿತ್ತು. ಜಂಬಿಟ್ಟಿಗೆಯ ನೆಲ ಬೇಸಿಗೆಯಲ್ಲಿ ಸ್ಪಂಜಿನಂತೆ ಹೀರುತ್ತದೆ. ಜುಲೈಯಲ್ಲಿ ನೆಲದ ನೀರೇ ಮೇಲಕ್ಕೆ ಬಂದಿರುವಾಗ ಗುಂಡಿಯಲ್ಲಿ ಇಂಗಲು ಜಾಗವಿರುವುದಿಲ್ಲ, ಹೊಲಸು ನೀರು ಮಗುಚಿ ಇಳಿಜಾರಿನಲ್ಲಿ ಹರಿಯುತ್ತದೆ. ಅದರ ಜೊತೆಗೆ ಈಜುಕೊಳದ ಕ್ಲೋರಿನ್ ನೀರು. ಎರಡೂ ಸೇರಿದ್ದು ಕೆಳಗಿನ ಹಳ್ಳವನ್ನು, ಹಳ್ಳ ಸೇರುವುದು ಮಲಪ್ರಭೆಯನ್ನು. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು ಅದೇ ನದಿಯ ನೀರು. ಮಾಲಕರಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಉಳಿದ ಕೆಲಸಕ್ಕೆ ಮಳೆ ನಿಲ್ಲುವವರೆಗೆ ಕಾಯಬಹುದು, ಇದಕ್ಕೆ ಆಗದು ಎಂದು.

ದುರಸ್ತಿ

2023ರ ನವೆಂಬರಿನಿಂದ 2024ರ ಏಪ್ರಿಲ್‌ವರೆಗೆ ಕೆಲಸ ನಡೆಯಿತು. ಸ್ಲ್ಯಾಬನ್ನು ಒಡೆಯಲಿಲ್ಲ. ಅದರ ಮೇಲೆ, ಗೋಡೆಗಳ ಮೇಲೆ ಭಾರ ಇಳಿಯುವಂತೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ 30 ಡಿಗ್ರಿ ಇಳಿಜಾರಿನ ಹಂಚಿನ ಚಾವಣಿ ಹಾಕಿದೆವು. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಬೇಕು, ತೂಕ 40 ಕಿಲೋಗ್ರಾಮಿನ ಆಸುಪಾಸು. ಹಂಚು ಮತ್ತು ಕುಂಬಾರಿಕೆಗೆ ಹಳೆಯ ಹೆಸರಿರುವ ಖಾನಾಪುರದ ಸುತ್ತಮುತ್ತ ಕೆಡವಿದ ಮನೆಗಳ ಹಂಚೇ ಬೇಕಾದಷ್ಟು ಸಿಕ್ಕಿತು.

ಪಶ್ಚಿಮ ದಿಕ್ಕಿಗೆ ಇದೇ ಚಾವಣಿಯನ್ನು 2.4 ಮೀಟರ್ ಹೊರಕ್ಕೆ ಇಳಿಸಿ ಪಡಸಾಲೆ ಮಾಡಿದೆವು. ಇಲ್ಲಿ ಒಂದು ಸೂಕ್ಷ್ಮವಿದೆ. ಸೂರು ಹೊರಕ್ಕೆ ಹೋದಷ್ಟೂ ಕಾಪಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೆಳಕ್ಕೆ ಬಂದಷ್ಟೂ ಕಾಪಾಡುತ್ತದೆ ಎಂಬುದನ್ನು ಮರೆಯುತ್ತಾರೆ. ಸೂರಿನ ತುದಿ ನೆಲದಿಂದ 2.1 ಮೀಟರ್ ಎತ್ತರದಲ್ಲಿದ್ದರೆ, 45 ಡಿಗ್ರಿ ಓರೆಯ ಮಳೆ ಅದರಡಿಯಿಂದ 2.1 ಮೀಟರ್ ಒಳಗೆ ಬಂದು ಬೀಳುತ್ತದೆ, ಗಾಜಿಗಿಂತ ಒಂದು ಅಡಿ ಈಚೆಗೆ. ಸೂರು 3 ಮೀಟರ್ ಎತ್ತರದಲ್ಲಿಯೇ ಇದ್ದಿದ್ದರೆ ಅಷ್ಟೇ ಅಗಲದ ಪಡಸಾಲೆ ಸೋಲುತ್ತಿತ್ತು. ಗೌಂಡಿಗಳಿಗೆ ಇದನ್ನು ವಿವರಿಸಬೇಕಾಗಲಿಲ್ಲ, ವಿವರಿಸಬೇಕಾದದ್ದು ಮಾಲಕರಿಗೆ. “ಇದು ಹಂಚಿನ ಮನಿ ಆತಲ್ರೀ” ಎಂದು ಅವರು ಮುಖ ಸಣ್ಣ ಮಾಡಿದರು. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಒಂದು ಮೀಟರಿಗಿಂತ ತುಸು ಮೇಲೆ ಇರುತ್ತದೆ, ನೆಲ ಕಣಿವೆಗೆ ಇಳಿದಿದೆ, ಹಾಗಾಗಿ ಕಣಿವೆ ಪೂರ್ತಿ ಕಾಣುತ್ತದೆ, ಆಕಾಶ ಮಾತ್ರ ಹೋಗುತ್ತದೆ ಎಂದು ಬಿದಿರು ಕಟ್ಟಿ ತೋರಿಸಿದ ಮೇಲೆ ಒಪ್ಪಿದರು.

ಹೂತ ಹಳಿಗಳನ್ನು ಕಿತ್ತು, 50 ಮಿ.ಮೀ. ಎತ್ತರದ ಕಪ್ಪು ಫರಸಿಯ ಹೊಸ್ತಿಲು ಕೂರಿಸಿದೆವು. ಹಾಲಿನ ಎಸಿ ತೆಗೆದು, ಎದುರುಬದುರು ಗಾಳಿಕಿಂಡಿ ಬಿಡಿಸಿ, ಫ್ಯಾನು ಹಾಕಿದೆವು. ಎಸಿ ಉಳಿದದ್ದು ಎರಡು ಕೋಣೆಗಳಿಗೆ. ಕಪಾಟಿನ ಕದಗಳಿಗೆ ಪಟ್ಟಿ ಪಟ್ಟಿ ಸಂದು ಮಾಡಿಸಿದೆವು. ದೀಪಗಳನ್ನು ಹಳದಿ ಛಾಯೆಗೆ ಬದಲಿಸಿ, ನೆಲಕ್ಕೆ ಮಾತ್ರ ಬೀಳುವಂತೆ ಮರೆ ಕೊಟ್ಟು, ಗಾಜಿನ ಹೊರಮೈಗೆ 5 ಸೆಂ.ಮೀ. ಅಂತರದಲ್ಲಿ ಸಣ್ಣ ಚುಕ್ಕೆಗಳ ಸಾಲು ಅಂಟಿಸಿದೆವು. ಹೊಲಸು ನೀರನ್ನು ಸೋಸಲು, ನೆಲಮಟ್ಟದಿಂದ ಎತ್ತರಿಸಿದ, ಮೇಲೆ ತಗಡಿನ ಚಾವಣಿ ಇರುವ ಜಲ್ಲಿ ಮತ್ತು ಗಿಡಗಳ ಹಾಸು. ಈಜುಕೊಳದ ವಿಷಯದಲ್ಲಿ ನನಗೂ ಮಾಲಕರಿಗೂ ಇಂದಿಗೂ ಒಮ್ಮತವಿಲ್ಲ. ಸದ್ಯಕ್ಕೆ ಮೇ ಕೊನೆಯಲ್ಲಿ ಕ್ಲೋರಿನ್ ನಿಲ್ಲಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಳವನ್ನು ಮಳೆನೀರಿಗೂ ಕಪ್ಪೆಗೂ ಬಿಟ್ಟುಕೊಡಲಾಗಿದೆ.

ನನ್ನ ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಹಂಚು ಹಾಕಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಮುಸುವಗಳ ಹಿಂಡು ಅದನ್ನು ಕಂಡುಕೊಂಡಿತು. ಮತ್ತಿ ಮರದಿಂದ ಜಿಗಿದರೆ ನೇರ ಹಂಚಿನ ಮೇಲೆ. ಏಪ್ರಿಲ್ ಕೊನೆಯ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಹಂಚು ಸರಿದಿದ್ದವು ಅಥವಾ ಒಡೆದಿದ್ದವು. ಹಳೆಯ ಸ್ಲ್ಯಾಬು ಈ ವಿಷಯದಲ್ಲಿ ನನ್ನ ಚಾವಣಿಗಿಂತ ಮೇಲು ಎಂದು ಮಾಲಕರು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಹಂಚನ್ನೆಲ್ಲ ಇಳಿಸಿ, ಕೆಳಗೆ ತಗಡು ಹೊದಿಸಿ, ಹಂಚುಗಳನ್ನು ತಾಮ್ರದ ತಂತಿಯಿಂದ ರೀಪುಗಳಿಗೆ ಬಿಗಿದು ಮತ್ತೆ ಹಾಕಬೇಕಾಯಿತು. ಊರಿನ ಮನೆಗಳ ಸೂರನ್ನು ನೋಡಿ ಕಲಿತ ನಾನು, ಊರಿನವರು ಮುಸುವ ಓಡಿಸಲು ನಾಯಿ ಸಾಕುತ್ತಾರೆ ಎಂಬುದನ್ನು ನೋಡಿರಲಿಲ್ಲ. ಪಡಸಾಲೆ ಬಂದ ಮೇಲೆ ಹಾಲಿನಲ್ಲಿ ಕತ್ತಲೆಯೂ ಹೆಚ್ಚಾಯಿತು. ಪಡಸಾಲೆಯ ಮೇಲೆ ಹನ್ನೆರಡು ಗಾಜಿನ ಹಂಚು ಹಾಕಿ, ಅವುಗಳ ಕೆಳಗಿನ ತಗಡಿಗೆ ಬೆಳಕಿಂಡಿ ಕೊರೆದು ಅರೆಮಟ್ಟಿಗೆ ಸರಿಪಡಿಸಿದೆವು.

2024ರ ಮಳೆಗಾಲ

ಆ ವರ್ಷದ ಜುಲೈಯಲ್ಲಿ ಮಳೆ ಜೋರಾಗಿಯೇ ಇತ್ತು. ನಾನು ಎರಡು ಸಲ ಹೋಗಿ ಬಂದೆ. ಪಡಸಾಲೆಯ ಹೊರ ಅಂಚಿನಿಂದ ಫರಸಿ ಒದ್ದೆಯಾಗುತ್ತ ಒಳಗೆ ಬಂದು, ಗಾಜಿಗೆ ಒಂದಡಿ ದೂರದಲ್ಲಿ ಗೆರೆ ಎಳೆದಂತೆ ನಿಂತಿತ್ತು. ಗಾಳಿ ತೀರ ಎದ್ದಾಗ ಮಾತ್ರ ಆ ಗೆರೆ ದಾಟಿ ಹೊಸ್ತಿಲಿಗೆ ಬಡಿಯುತ್ತಿತ್ತು. ಕರೆಂಟು ಹೋದಾಗಲೂ ಜನರೇಟರ್ ರಾತ್ರಿ ನಾಲ್ಕು ತಾಸಿಗಿಂತ ಹೆಚ್ಚು ಓಡಬೇಕಾಗಲಿಲ್ಲ. ತೇವ ಹೀರುವ ಯಂತ್ರಗಳಲ್ಲಿ ಮೂರನ್ನು ಮಾಲಕರು ಮಾರಿಬಿಟ್ಟರು. ಗಾಜಿಗೆ ಹಕ್ಕಿ ಬಡಿದದ್ದನ್ನು ಕಾವಲುಗಾರ ಆ ವರ್ಷ ಒಮ್ಮೆ ಮಾತ್ರ ಕಂಡ.

ನಾಲ್ಕನೆಯ ಯಂತ್ರ ಇನ್ನೂ ಓಡುತ್ತಿದೆ. ನೈಋತ್ಯ ಮೂಲೆಯ ಕೋಣೆಗೆ ಪಡಸಾಲೆ ಬರುವಂತಿರಲಿಲ್ಲ, ಅಲ್ಲಿ ಬಂಡೆ ಅಡ್ಡವಿದೆ. ಅದರ ಹೊರಗೋಡೆಯ ಜಂಬಿಟ್ಟಿಗೆ ನಾಲ್ಕು ತಿಂಗಳು ನೀರು ಕುಡಿಯುತ್ತದೆ, ಗೋಡೆಯ ಒಳಮೈಗೆ ಹಚ್ಚಿದ ಮೈಕ್ರೋಸಿಮೆಂಟ್ ಆ ನೀರಿಗೆ ಹೊರಬರಲು ದಾರಿ ಕೊಡದೆ ತಟ್ಟೆ ತಟ್ಟೆಯಾಗಿ ಕಳಚುತ್ತದೆ. ಒಳಮೈಯನ್ನು ಪೂರ್ತಿ ಕೆತ್ತಿ ತೆಗೆದು, ಗೋಡೆ ಉಸಿರಾಡುವಂತೆ ಸುಣ್ಣದ ಗಿಲಾವು ಮಾಡಬೇಕು, ಹೊರಮೈಗೆ ಮಳೆಗಾಲದಲ್ಲಿ ತಟ್ಟಿ ಕಟ್ಟಬೇಕು ಎಂದು ಬರೆದುಕೊಟ್ಟಿದ್ದೇನೆ. ಸುಣ್ಣಕ್ಕೆ ಮಾಲಕರ ಒಪ್ಪಿಗೆ ಬಂದಿದೆ. ಹುಲ್ಲಿನ ತಟ್ಟಿಗೆ ಬಂದಿಲ್ಲ; ಅದು ಫೋಟೋದಲ್ಲಿ ಕಾಣುತ್ತದೆ ಎಂಬುದು ಅವರ ಅಳುಕು. ಅಲ್ಲಿಯವರೆಗೆ ಜೂನ್ ಬಂದರೆ ಆ ಕೋಣೆಯನ್ನು ಅತಿಥಿಗಳಿಗೆ ಕೊಡುವುದಿಲ್ಲ. ಅಡುಗೆಯವ ಅದರಲ್ಲಿ ಹಗ್ಗ ಕಟ್ಟಿ ಬೆಡ್‌ಶೀಟು ಒಣಗಿಸುತ್ತಾನೆ.